ಕೈಗೆಟುಕುವ ಗೂಡು

ಕೌಂಟರಿನ ಮೇಲೆ ಅರ್ಧ ಸ್ಟ್ರಿಪ್ ಮಾತ್ರೆ ಬಿದ್ದಿತ್ತು. ಹಿಂಬಾಗಿಲಲ್ಲಿ ಔಷಧದ ಡಬ್ಬಗಳನ್ನು ಇಳಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ ಅವಳು ಮೊದಲು ಅದನ್ನು ಗಮನಿಸಲೇ ಇಲ್ಲ. ಡಬ್ಬವನ್ನು ಕಾಲಿನಿಂದ ಮೂಲೆಗೆ ತಳ್ಳಿ ನೀರಿನ ಬಾಟಲಿಗೆ ಕೈಚಾಚಿದಾಗ ಕಣ್ಣಿಗೆ ಬಿತ್ತು. ಚಾಚಿದ ಕೈ ಅಲ್ಲೇ ನಿಂತಿತು. ಅವಳಾಗಿದ್ದರೆ ಕತ್ತರಿ ಹಾಕುತ್ತಿದ್ದಳು. ಹೀಗೆ ಮಡಚಿ, ಮಡಿಕೆಯ ಮೇಲೆ ಉಗುರೆಳೆದು, ಒಂದೇ ಎಳೆತಕ್ಕೆ ನೇರವಾಗಿ ಹರಿಯುವವರು ಆ ಅಂಗಡಿಯಲ್ಲಿ ಒಬ್ಬರೇ.

ಆ ಒಬ್ಬರು, ಅಂದರೆ ಅವಳ ಗಂಡ, ಕೌಂಟರಿನ ಒಳಗೆ ತಮ್ಮ ಕುರ್ಚಿಯಲ್ಲಿ ಕೂತು ಖಾಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಅದು ಅವಳೇ ಕೊಟ್ಟ ಕೆಲಸ. ಸಂಜೆ ಅವನ್ನೆಲ್ಲ ಕೆಡವಿ ಚೀಲಕ್ಕೆ ತುಂಬಿಡುತ್ತಿದ್ದಳು, ಮರುದಿನಕ್ಕೆ ಮತ್ತೆ ಬೇಕಲ್ಲ.

"ರೀ, ಯಾರಾದ್ರೂ ಬಂದಿದ್ರಾ?"

"ಹೂಂ, ಬಂದಿದ್ರು."

"ಯಾರು?"

"ಗಿರಾಕಿ." ಅಂಗಡಿಗೆ ಇನ್ಯಾರು ಬರುತ್ತಾರೆ ಎಂಬಂತೆ ಅವಳ ಮುಖ ನೋಡಿದರು. "ಕೇಳಿದ್ದನ್ನ ಕೊಟ್ಟೆ. ಬಿಡಿಸಿ ಹೇಳ್ದೆ. ಖುಷಿಯಾಗಿ ಹೋದ್ರು."

ಅವಳು ಸ್ಟ್ರಿಪ್ ತಿರುಗಿಸಿ ಹೆಸರು ಓದಿದಳು. ಸಕ್ಕರೆ ಕಾಯಿಲೆಯ ಮಾತ್ರೆ. ರಕ್ತದಲ್ಲಿನ ಸಕ್ಕರೆಯನ್ನು ಸರಸರ ಕೆಳಗಿಳಿಸುವಂಥದ್ದು. ಕಾಯಿಲೆ ಇದ್ದವರೇ ಕೇಳಿ ಕೊಂಡಿದ್ದರೆ ಸರಿ. ಇಲ್ಲದವರ ಹೊಟ್ಟೆಗೆ ಹೋದರೆ?

ಊರಿನವರ ಬಾಯಲ್ಲಿ ಅವರು ಮಾತ್ರೆ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಯಾವ ಮಾತ್ರೆ ಕೊಟ್ಟರೂ ಅದು ಹೊಟ್ಟೆಗೆ ಹೋಗಿ ಏನು ಮಾಡುತ್ತದೆ, ಯಾಕೆ ಊಟವಾದ ಮೇಲೆಯೇ ನುಂಗಬೇಕು, ಮರೆತರೆ ಏನು ಮಾಡಬೇಕು ಎಂದು ಒಂದು ತರಗತಿ ತೆಗೆದುಕೊಂಡೇ ಕಳಿಸುತ್ತಿದ್ದುದರಿಂದ ಬಂದ ಹೆಸರು. ತಲೆನೋವೆಂದು ಬಂದವರಿಗೆ ಪಾಠ ಕೇಳಿ ಇನ್ನಷ್ಟು ತಲೆನೋವು ಬರುತ್ತಿತ್ತು ಎಂದು ಅವಳು ನಗಾಡುತ್ತಿದ್ದಳು. ಇಬ್ಬರೂ ಒಂದೇ ಕಾಲೇಜಿನಲ್ಲಿ ಔಷಧಶಾಸ್ತ್ರ ಓದಿದವರು. ಅವರು ಮೊದಲ ಬೆಂಚು, ಅವಳು ಕಿಟಕಿ ಪಕ್ಕದ ಕೊನೆಯ ಬೆಂಚು. ಮದುವೆಯಾದ ಮೇಲೆ ಬಸ್ ನಿಲ್ದಾಣದ ಎದುರು ಈ ಅಂಗಡಿ ತೆರೆದರು. ಮಕ್ಕಳಾಗಲಿಲ್ಲ. ಅಂಗಡಿಯೇ ಸಂಸಾರವಾಯಿತು.

ಮರೆವು ಶುರುವಾದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಡಾಕ್ಟರು ಮತ್ತು ನಾದಿನಿಯನ್ನು ಬಿಟ್ಟು. ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲ, ಬಿಟ್ಟರೆ ಒಲೆ ಹಚ್ಚುತ್ತಾರೆ, ಬಾಗಿಲು ತೆಗೆದು ಹೊರಟುಬಿಡುತ್ತಾರೆ. ಅಂಗಡಿಗೆ ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರೆ ಶಾಂತವಾಗಿ ಇರುತ್ತಿದ್ದರು. ಗಿರಾಕಿಗಳಿಗೆ ನಮಸ್ಕಾರ ಮಾಡುತ್ತಿದ್ದರು. "ಮೇಷ್ಟ್ರು ಈಗೀಗ ಮಾತು ಕಡಿಮೆ ಮಾಡಿದ್ದಾರಲ್ಲ ಅಕ್ಕ" ಎಂದು ಯಾರಾದರೂ ಕೇಳಿದರೆ, "ವಯಸ್ಸಾಯ್ತಲ್ಲ, ಪಾಠ ಮುಗೀತು" ಎಂದು ಹಾರಿಸಿಬಿಡುತ್ತಿದ್ದಳು. ಔಷಧದಂಗಡಿಯಲ್ಲಿ ಮರೆವಿನ ಮನುಷ್ಯ ಕೂತಿದ್ದಾನೆಂದು ಗೊತ್ತಾದರೆ ಯಾರು ಒಳಗೆ ಕಾಲಿಡುತ್ತಾರೆ? ತಪಾಸಣೆಯವರ ಕಿವಿಗೆ ಬಿದ್ದರೆ ಲೈಸೆನ್ಸಿನ ಗತಿ ಏನು? ಅಂಗಡಿ ಹೋದರೆ ಅವರನ್ನು ಜೊತೆಯಲ್ಲಿಟ್ಟುಕೊಂಡು ದುಡಿಯುವ ದಾರಿಯೂ ಹೋಯಿತು. ಆಮೇಲೆ ಉಳಿಯುವುದು ಡಾಕ್ಟರು ಹೇಳಿದ ಆರೈಕೆ ಮನೆ. ಒಮ್ಮೆ ಅವಳೊಬ್ಬಳೇ ಹೋಗಿ ನೋಡಿ ಬಂದಿದ್ದಳು. ಸ್ವಚ್ಛವಾಗಿಯೇ ಇತ್ತು. ಸಾಲಾಗಿ ಕುರ್ಚಿಗಳು, ಎಲ್ಲವೂ ಗೋಡೆಯ ಕಡೆಗೆ ಮುಖಮಾಡಿದ್ದವು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಒಂದು ಭಯ ಕೂತುಬಿಟ್ಟಿತ್ತು. ಅನ್ನ ಉಣ್ಣುವಾಗಲೂ ಅದು ಜೊತೆಗೇ ಇರುತ್ತಿತ್ತು.

ಹಿಂಬಾಗಿಲಿಗೆ ಹೋಗುವಾಗೆಲ್ಲ ಅಂಗಡಿಯ ಮುಂದೆ "ಈಗ ಬರುತ್ತೇನೆ" ಎಂಬ ಬೋರ್ಡು ತೂಗುಹಾಕಿ ಹೋಗುವುದು ಅವಳ ರೂಢಿ. ಇವತ್ತು ಡಬ್ಬ ತಂದ ಗಾಡಿಯವನು ಹಾರ್ನ್ ಹೊಡೆದು ತಲೆ ತಿಂದಿದ್ದ. ಬೋರ್ಡು ಮರೆತುಹೋಗಿತ್ತು. ಮರೆಯುವುದು ಆ ಮನೆಯಲ್ಲಿ ಒಬ್ಬರ ಸ್ವತ್ತೇನೂ ಅಲ್ಲವಲ್ಲ.

"ಯಾವ ಮಾತ್ರೆ ಕೇಳಿದ್ರು, ನೆನಪು ಮಾಡ್ಕೊಳ್ಳಿ. ಗಂಡಸಾ, ಹೆಂಗಸಾ?"

"ಒಳ್ಳೇ ಜನ," ಎಂದರು ಮೇಷ್ಟ್ರು.

ಅವಳು ದನಿ ಎತ್ತಲಿಲ್ಲ. ಎತ್ತಿದರೆ ಅವರು ಗಾಬರಿಯಾಗುತ್ತಿದ್ದರು, ಗಾಬರಿಯಾದರೆ ಇದ್ದ ನೆನಪೂ ಹಾರಿಹೋಗುತ್ತಿತ್ತು. ಸ್ಟ್ರಿಪ್ಪನ್ನು ಅವರ ಅಂಗೈಯಲ್ಲಿಟ್ಟು, ತಾನು ಕೌಂಟರಿನ ಆಚೆ ಹೋಗಿ ನಿಂತು, ಗಿರಾಕಿಯ ಹಾಗೆ ಕೇಳಿದಳು. "ಸಾರ್, ಆಗಲೇ ಕೊಟ್ರಲ್ಲ, ಅಂಥದ್ದೇ ಇನ್ನೊಂದಿಷ್ಟು ಕೊಡಿ."

ಮೇಷ್ಟ್ರು ಎದ್ದರು. ಒಂದು ಕ್ಷಣವೂ ಯೋಚಿಸಲಿಲ್ಲ. ಎಡಗಡೆಯ ಗೋಡೆಗೆ ತಿರುಗಿ, ಎದೆಮಟ್ಟದ ಗೂಡಿಗೆ ಕೈ ಹಾಕಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ ಒಂದು ಪೆಟ್ಟಿಗೆ ಎಳೆದರು. ಕೈಯ ಆ ಹದ ಹಿಂದೆ ಹೇಗಿತ್ತೋ ಈಗಲೂ ಹಾಗೇ ಇತ್ತು. ಅದನ್ನು ನೋಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು.

ಆ ಗೂಡಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಇಟ್ಟವಳು ಅವಳು. ಮೇಷ್ಟ್ರ ಕಾಲದಲ್ಲಿ ಅದು ಮೇಲಿನ ಸಾಲಿನಲ್ಲಿತ್ತು. ಅವರು ಎತ್ತರದ ಆಳು, ಸುಮ್ಮನೆ ಕೈಯೆತ್ತಿ ತೆಗೆಯುತ್ತಿದ್ದರು. ಕುಳ್ಳಿಯಾದ ಅವಳು ದಿನಕ್ಕೆ ಹತ್ತಾರು ಸಲ ಸ್ಟೂಲ್ ಹತ್ತಿ ಇಳಿದು ಮಂಡಿ ಹಿಡಿದುಕೊಂಡ ಮೇಲೆ, ಹೆಚ್ಚು ಖರ್ಚಾಗುವುದನ್ನೆಲ್ಲ ತನ್ನ ಕೈಗೆಟುಕುವ ಗೂಡಿಗೆ ಇಳಿಸಿದ್ದಳು, ಅಲ್ಲಿದ್ದದ್ದನ್ನು ಮೇಲಕ್ಕೇರಿಸಿದ್ದಳು. ಅವರಿಗೆ ಹೇಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಳು. ಅವರಿಗೆ ಗೊತ್ತಾಗಲಿಲ್ಲ, ನಿಜ. ಅವರ ಕೈಗೆ ಮಾತ್ರ ಹಳೆಯ ಜಾಗ ಚೆನ್ನಾಗಿ ಗೊತ್ತಿತ್ತು.

ಆ ಜಾಗದಲ್ಲಿ ಮೊದಲು ಇದ್ದದ್ದು ವಾಂತಿ ಮಾತ್ರೆ. ಬಸ್ಸಿನಲ್ಲಿ ಹೊಟ್ಟೆ ತೊಳಸುವವರಿಗೆ ಕೊಡುವಂಥದ್ದು. ಸಕ್ಕರೆ ಕಾಯಿಲೆಯ ಮಾತ್ರೆಯಷ್ಟು ಖರ್ಚಾಗದಿದ್ದರೂ, ಬಸ್ಸು ಹೊರಡುವ ಮುಂಚೆ ನಿಲ್ದಾಣದ ಎದುರಿನ ಅಂಗಡಿಗೆ ಓಡಿಬಂದು ಜನ ಕೇಳುವುದು ಅದನ್ನೇ. ದೊಡ್ಡವರು ತಮಗಾಗಿ ಕೇಳುವುದು ಕಡಿಮೆ, ಮಕ್ಕಳಿಗಾಗಿ ಕೇಳುವವರೇ ಜಾಸ್ತಿ.

ಮಗುವಿಗೆ ಆ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂದು ಅವಳು ಪುಸ್ತಕದಲ್ಲಿ ಓದಿದ್ದಳು. ಕಿಟಕಿ ಪಕ್ಕದ ಬೆಂಚಿನವಳಾದರೂ ಅಷ್ಟು ತಲೆಗೆ ಹತ್ತಿತ್ತು. ಮೊದಲು ಬೆವರುತ್ತದೆ, ಮಂಕಾಗುತ್ತದೆ, ಆಮೇಲೆ ಕಣ್ಣು ಮುಚ್ಚುತ್ತದೆ. ಓಡುವ ಬಸ್ಸಿನಲ್ಲಿ ತಾಯಿ ಏನಂದುಕೊಳ್ಳುತ್ತಾಳೆ? ಪುಣ್ಯಕ್ಕೆ ವಾಂತಿ ಮಾಡದೆ ಮಲಗಿತಲ್ಲ ಎಂದು ಶಾಲು ಹೊದಿಸುತ್ತಾಳೆ. ಇಳಿಯುವ ಹೊತ್ತಿಗೆ ಎಬ್ಬಿಸಲು ನೋಡುತ್ತಾಳೆ.

"ಚಪ್ಪಲಿ ಹಾಕ್ಕೊಳ್ಳಿ," ಎಂದಳು. "ಬಸ್ ಸ್ಟ್ಯಾಂಡಿಗೆ ಹೋಗೋಣ."

"ಯಾವೂರಿಗೆ?" ಮೇಷ್ಟ್ರ ಮುಖ ಅರಳಿತು.

ಹೊರಡುವ ಮೊದಲು ಅವಳು ಸ್ಟೂಲ್ ಹತ್ತಿ ಮೇಲಿನ ಸಾಲಿನಿಂದ ನಿಜವಾದ ವಾಂತಿ ಮಾತ್ರೆಯ ಒಂದು ಸ್ಟ್ರಿಪ್ ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಂಡಳು. ಅಂಗಡಿಯ ಷಟರ್ ಅರ್ಧ ಎಳೆದು, ಗಂಡನ ಮುಂಗೈ ಹಿಡಿದು ರಸ್ತೆಗಿಳಿದಳು.

ನಿಲ್ದಾಣ ಗಿಜಿಗುಡುತ್ತಿತ್ತು. ಹೊರಡಲು ನಿಂತ ಬಸ್ಸುಗಳು ಹೊಗೆಯುಗುಳುತ್ತ ಗುರುಗುಟ್ಟುತ್ತಿದ್ದವು. ಅವಳು ಮೊದಲ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕೈಯಲ್ಲಿ ಮೇಷ್ಟ್ರನ್ನು ಹಿಡಿದೇ ಕೂಗಿದಳು. "ಯಾರಾದ್ರೂ ಈಗ ಎದುರಿನ ಅಂಗಡೀಲಿ ಮಾತ್ರೆ ತಗೊಂಡ್ರಾ? ಚಿಲ್ಲರೆ ಬಿಟ್ಟು ಹೋಗಿದ್ರು, ಕೊಡೋಣ ಅಂತ ಬಂದೆ."

ಸುಳ್ಳು ಅಷ್ಟು ಸಲೀಸಾಗಿ ಬಂತು. ಚಿಲ್ಲರೆ ಎಂದೊಡನೆ ಮಾತ್ರೆ ಕೊಳ್ಳದವರೂ ಒಬ್ಬಿಬ್ಬರು ತಲೆ ಎತ್ತಿದರು. ಯಾವ ಮಾತ್ರೆ ಎಂದು ಕೇಳಿದರೆ ತಡಬಡಾಯಿಸಿದರು. ಮುಂದಿನ ಬಸ್ಸಿನಲ್ಲಿ ಕಂಡಕ್ಟರು, "ಅಕ್ಕಾ, ಇಳೀರಿ, ಟೈಮಾಯ್ತು" ಎಂದು ಸೀಟಿ ಊದಿದ. ಅದು ಅವಳ ಕಣ್ಣೆದುರೇ ಹೊರಟಿತು. ಅದರ ಹಿಂದಿನ ಗಾಜಿನಲ್ಲಿ ತಾಯಿಯ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದ ಒಂದು ಮಗು ಕಂಡಿತು. ಅದೇ ಇದ್ದೀತೇ? ಇನ್ನೆಷ್ಟು ಬಸ್ಸು, ಇನ್ನೆಷ್ಟು ಮಕ್ಕಳು! ಹೀಗೆ ಒಂದೊಂದೇ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ.

ನಿಲ್ದಾಣದ ನಡುವೆ ಗಾಜಿನ ಗೂಡಿನಂಥ ಒಂದು ಕೋಣೆ. ಅಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗುವವಳು ಅವಳ ನಾದಿನಿ, ಮೇಷ್ಟ್ರ ಒಬ್ಬಳೇ ತಂಗಿ. ನಿಲ್ದಾಣದವರು ಅವಳಿಗೆ ಇಟ್ಟ ಹೆಸರು ಮೈಕಮ್ಮ. ಮನೆಯಲ್ಲಿ ಉಪ್ಪು ಕೇಳಿದರೂ ಯಾವುದೋ ಬಸ್ಸು ಹೊರಟ ಹಾಗೆ ಕೇಳಿಸುತ್ತಿತ್ತು. ಮರೆವಿನವರನ್ನು ನೋಡಿಕೊಳ್ಳುವ ಮನೆಮಂದಿಗಾಗಿ ಡಾಕ್ಟರು ಆಗಾಗ ಸೇರಿಸುತ್ತಿದ್ದ ಕೂಟಕ್ಕೆ ಅತ್ತಿಗೆಯ ಜೊತೆ ಬರುತ್ತಿದ್ದವಳೂ ಅವಳೇ. "ದಿನಾ ರಾತ್ರಿ ಮಲಗೋ ಮುಂಚೆ, ಇವತ್ತು ಯಾವುದಕ್ಕೆ ಥ್ಯಾಂಕ್ಸ್ ಹೇಳಬಹುದು ಅಂತ ಒಂದನ್ನ ನೆನಪು ಮಾಡ್ಕೊಳ್ಳಿ, ಮನಸ್ಸು ಹಗುರಾಗುತ್ತೆ" ಎಂದು ಅಲ್ಲಿ ಹೇಳಿದ್ದರು. ಇಬ್ಬರೂ ಆಚೆ ಬಂದು ಬಿದ್ದು ಬಿದ್ದು ನಕ್ಕಿದ್ದರು. ಆದರೂ ಅಂದಿನಿಂದ ಮೈಕಮ್ಮ ಫೋನ್ ಮಾಡುವುದು ತಪ್ಪಿರಲಿಲ್ಲ. "ಅತ್ತಿಗೆ, ಇವತ್ತಿಂದು ಹೇಳಿ." "ನಿಮ್ಮಣ್ಣ ಇವತ್ತು ಸೋಪು ತಿನ್ನಲಿಲ್ಲ ಕಣೇ." "ಅಷ್ಟು ಸಾಕು ಬಿಡಿ, ಮಲಗಿ." ಹೀಗೆ ನಡೆದಿತ್ತು. ಶುರುವಾದದ್ದು ತಮಾಷೆಗೇ, ಆದರೆ ಈಗ ಆ ಫೋನ್ ಬರುವುದು ತಡವಾದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಈಗ ಗಾಜಿನ ಕಿಂಡಿಯಲ್ಲಿ ಅತ್ತಿಗೆಯ ಮುಖ ಕಂಡೊಡನೆ ಮೈಕಮ್ಮ ಎದ್ದು ನಿಂತಳು.

"ಏನಾಯ್ತು ಅತ್ತಿಗೆ? ಅಣ್ಣ ಎಲ್ಲಾದ್ರೂ…"

"ಇಲ್ಲೇ ಇದ್ದಾರೆ. ಕೇಳು." ಅವಳು ಉಸಿರು ಬಿಡದೆ ಹೇಳಿದಳು. ಗೂಡು, ಸ್ಟ್ರಿಪ್, ಮಗು. "ಮೈಕಲ್ಲಿ ಹೇಳು. ಯಾರೂ ನುಂಗಬೇಡಿ ಅಂತ ಹೇಳು."

"ಯಾರು ಕೊಟ್ಟಿದ್ದು ಅಂತ ಹೇಳಲಿ?"

"ಎದುರಿನ ಅಂಗಡಿ ಅಂದ್ರೆ ಸಾಲದಾ?"

"ಅಂಗಡಿ ಹೆಸರು ಯಾರು ನೋಡಿರ್ತಾರೆ ಅತ್ತಿಗೆ? ಇಲ್ಲಿ ಔಷಧದಂಗಡಿ ಒಂದೇನಾ? ಅವರಿಗೆ ನೆನಪಿರೋದು ಕೊಟ್ಟವರ ಮುಖ. ಯಾರೋ ಏನೋ ಅಂದ್ರೆ ಒಬ್ಬರೂ ತಿರುಗಿ ನೋಡಲ್ಲ, ನನಗೆ ಗೊತ್ತು ಈ ಜನ."

ಕಿಂಡಿಯ ಕಟ್ಟೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೇಳಿದರೆ ಎಲ್ಲ ಮುಗಿಯಿತು. ಇಷ್ಟು ದಿನ ನಕ್ಕು, ಹಾರಿಸಿ, ಮುಚ್ಚಿಟ್ಟದ್ದು ನಿಲ್ದಾಣದ ನಾಲ್ಕೂ ಮೂಲೆಯ ಧ್ವನಿವರ್ಧಕದ ಕಹಳೆಯಲ್ಲಿ ಊರೆಲ್ಲ ಹರಡುತ್ತದೆ. ನಾಳೆ ಅಂಗಡಿ ಇರುತ್ತದೋ ಇಲ್ಲವೋ. ಗೋಡೆಗೆ ಮುಖಮಾಡಿದ ಆ ಕುರ್ಚಿಗಳಲ್ಲೊಂದರಲ್ಲಿ ಮೇಷ್ಟ್ರು ಕೂತಂತೆ ಅವಳಿಗೆ ಕಂಡಿತು. ಹೇಳದಿದ್ದರೆ, ಎಲ್ಲೋ ಒಂದು ಬಸ್ಸಿನಲ್ಲಿ, ಶಾಲಿನ ಕೆಳಗೆ, ಮಗು.

"ಇದ್ದದ್ದು ಇದ್ದ ಹಾಗೇ ಹೇಳು," ಎಂದಳು.

ಮೈಕಮ್ಮ ಗುಂಡಿ ಒತ್ತಿದಳು. "ಪ್ರಯಾಣಿಕರ ಗಮನಕ್ಕೆ." ದಿನವೂ ಕೇಳುವ ಅದೇ ಗಟ್ಟಿ ದನಿ. "ಈಗಷ್ಟೇ ನಿಲ್ದಾಣದ ಎದುರು ವಾಂತಿ ಮಾತ್ರೆ ಕೊಂಡವರು ದಯವಿಟ್ಟು ಅದನ್ನು ನುಂಗಬೇಡಿ. ಮಕ್ಕಳಿಗೆ ಕೊಡಬೇಡಿ. ಅದು ಬೇರೆ ಮಾತ್ರೆ, ಅಪಾಯದ ಮಾತ್ರೆ. ಕೊಟ್ಟವರು ಎತ್ತರದ ಆಳು, ಬಿಳಿ ಕೂದಲು, ಕನ್ನಡಕ. ಅವರಿಗೆ…" ಎಷ್ಟೋ ವರ್ಷಗಳಿಂದ ಒಂದು ಊರಿನ ಹೆಸರಿಗೂ ತಡವರಿಸದ ದನಿ ಅಲ್ಲಿ ನಿಂತಿತು. ಕಹಳೆಗಳಲ್ಲಿ ಬರೀ ಕರಕರ ಸದ್ದು. "ಅವರಿಗೆ ಮರೆವಿನ ಕಾಯಿಲೆ ಇದೆ. ಅವರು ನನ್ನ ಅಣ್ಣ."

ಕೊನೆಯ ಮಾತನ್ನು ಅವಳು ಹೇಳಬೇಕಾಗಿರಲಿಲ್ಲ. ಹೇಳಿ, ಕಣ್ಣೊರೆಸಿಕೊಂಡು, ಮತ್ತೊಮ್ಮೆ ಮೊದಲಿನಿಂದ ಹೇಳತೊಡಗಿದಳು.

ಆಗ ಕಿಂಡಿಯ ಹೊರಗೆ ನಿಂತಿದ್ದ ಅತ್ತಿಗೆಗೆ ತನ್ನ ಎರಡೂ ಕೈ ಕಟ್ಟೆಯ ಮೇಲಿರುವುದು ಕಂಡಿತು. ಎರಡೂ. ಅವಳು ಗರಕ್ಕನೆ ತಿರುಗಿದಳು. ಮೇಷ್ಟ್ರು ಇರಲಿಲ್ಲ.

ಚೀಲ, ಪೆಟ್ಟಿಗೆ, ಕಾಲು, ತಲೆ, ಎಲ್ಲೆಲ್ಲೂ ಜನ. ಎತ್ತರದ ಬಿಳಿ ತಲೆ ಯಾವುದೂ ಇಲ್ಲ. ಹೆಸರು ಹಿಡಿದು ಕೂಗಿದರೆ ತಿರುಗುವವರಲ್ಲ ಅವರು, ಹೆಸರೇ ಕೆಲವು ಸಲ ನೆನಪಿರುವುದಿಲ್ಲ. ಯಾವುದಾದರೂ ಬಸ್ಸು ಹತ್ತಿ ಕೂತರೆ? ಟಿಕೆಟ್ಟು ಕೇಳಿದಾಗ ನಕ್ಕುಬಿಡುತ್ತಾರೆ. ಕತ್ತಲಾಗುವ ಹೊತ್ತಿಗೆ ಯಾವುದೋ ಊರಿನಲ್ಲಿ ಇಳಿಸಿ ಹೋಗುತ್ತಾರೆ. ಒಂದೇ ಮಧ್ಯಾಹ್ನ ಅಂಗಡಿಯನ್ನೂ ಗಂಡನನ್ನೂ ಕಳೆದುಕೊಳ್ಳುವ ಹಣೆಬರಹವೇ ಎಂದು ಅವಳು ಗಟ್ಟಿಯಾಗಿಯೇ ಅಂದುಕೊಂಡಳು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

"ಯಾರು, ಮಾತ್ರೆ ಮೇಷ್ಟ್ರಾ?" ಎಂದ ಹಣ್ಣಿನ ಗಾಡಿಯವನು. ಅವನ ಮುಖದಲ್ಲಾಗಲೇ ಮೈಕಿನ ಸುದ್ದಿ ಇತ್ತು. "ಸಾಲಿನ ಕೊನೇ ಬಸ್ ಹತ್ತಿದ್ರು ಅಕ್ಕ. ಒಳಗಿಂದ ಯಾರೋ ಕರೆದ ಹಾಗಿತ್ತು. ಓಡಿ, ಹೊರಡೋದ್ರಲ್ಲಿದೆ."

ಅವಳು ಓಡಿದಳು. ಕೊನೆಯ ಬಸ್ಸಿನ ಚಕ್ರ ಉರುಳಲು ಶುರುವಾಗಿತ್ತು. ಅದರ ಪಕ್ಕೆಗೆ ಅಂಗೈಯಿಂದ ಪಟಪಟ ಬಡಿದಳು. ಡ್ರೈವರು ಬೈಯುತ್ತ ಬ್ರೇಕ್ ಹಾಕಿದ. ಮೆಟ್ಟಿಲು ಹತ್ತಿ, ನಿಂತವರ ನಡುವೆ ನುಗ್ಗಿ, ಹಿಂದೆ ನೋಡಿದಳು.

ಮೇಷ್ಟ್ರು ಅಲ್ಲಿದ್ದರು. ಒಂದು ಸೀಟಿನ ಮೇಲೆ ಬಾಗಿ ನಿಂತಿದ್ದರು. ಸೀಟಿನಲ್ಲಿ ಒಬ್ಬ ಎಳೆವಯಸ್ಸಿನ ತಾಯಿ, ಅವಳ ತೊಡೆಯ ಮೇಲೆ ಎರಡು ಜಡೆ ಹಾಕಿದ ಹುಡುಗಿ. ತಾಯಿ ಕಿಟಕಿಯಿಂದ ಅವರನ್ನು ಕಂಡು, "ಸಾರ್, ಮಗೂಗೆ ಅರ್ಧ ಕೊಡಬೇಕೋ ಪೂರ್ತಿ ಕೊಡಬೇಕೋ, ಮರೆತೋಯ್ತು" ಎಂದು ಕೂಗಿದ್ದಳಂತೆ. ಅಷ್ಟು ಕೇಳಿದ ಮೇಲೆ ಅವರು ಬಿಡಿಸಿ ಹೇಳದೆ ಇರುವುದುಂಟೇ?

"ಅರ್ಧ ಸಾಕು ತಾಯಿ," ಎನ್ನುತ್ತಿದ್ದರು. ಎಷ್ಟೋ ತಿಂಗಳಿಂದ ಅವಳು ಕೇಳದಿದ್ದ ದನಿ, ನಿಧಾನದ, ನಂಬಿಕೆ ಹುಟ್ಟಿಸುವ ಹಳೆಯ ದನಿ. "ಪೂರ್ತಿ ಕೊಟ್ರೆ ಮಂಕಾಗ್ತಾಳೆ. ಬಸ್ಸು ಹೊರಡೋ ಮೊದಲೇ ಕೊಡಬೇಕು. ಎಲ್ಲಿ ಪುಟ್ಟಿ, ಆ ಅನ್ನು." ಹೆಬ್ಬೆರಳ ಉಗುರಿನಲ್ಲಿ ಮಾತ್ರೆಯನ್ನು ಸರಿಯಾಗಿ ಎರಡು ಹೋಳು ಮಾಡಿದ್ದರು. ಹೊರಗೆ ಮೈಕಮ್ಮನ ದನಿ ಇನ್ನೂ ಕೂಗುತ್ತಿತ್ತು, ಆದರೆ ಬಸ್ಸಿನೊಳಗೆ ಇಂಜಿನ್ ಸದ್ದಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ತಿಳಿದಿದ್ದರೂ, ಮಗುವಿನ ಗಲ್ಲ ಹಿಡಿದು ಇಷ್ಟು ಅಕ್ಕರೆಯಿಂದ ಹೇಳುತ್ತಿರುವ ಈ ಮನುಷ್ಯನೇ ಅವರೆಂದು ಯಾರು ನಂಬುತ್ತಿದ್ದರು? ಹುಡುಗಿ ಬಾಯಿ ತೆರೆದಳು.

ಅವಳು ಗಂಡನ ಕೈಗೆ ಹೊಡೆದಳು.

ಮದುವೆಯಾದಂದಿನಿಂದ ಒಮ್ಮೆಯೂ ಹಾಗೆ ಮಾಡಿದವಳಲ್ಲ. ಅವರು ಬಟ್ಟೆಯಲ್ಲೇ ಮಾಡಿಕೊಂಡಾಗಲೂ ಮಾಡಿರಲಿಲ್ಲ, ಅವಳನ್ನೇ ಕಳ್ಳಿ ಎಂದು ನಡುರಾತ್ರಿ ಕೂಗಿದಾಗಲೂ ಮಾಡಿರಲಿಲ್ಲ. ಪಟ್ಟೆಂದು ಬಿದ್ದ ಏಟಿಗೆ ಬಸ್ಸೆಲ್ಲ ತಿರುಗಿತು. ಮಾತ್ರೆಯ ಹೋಳು ಹಾರಿ ಸೀಟಿನ ಕೆಳಗೆ ಹೋಯಿತು. ಮೇಷ್ಟ್ರು ಕೈಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದರು. ಅವರ ಕಣ್ಣಿನಲ್ಲಿ ಭಯವಿತ್ತು, ಅವಳನ್ನು ಕಂಡೇ ಭಯ. ಆ ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಯಾರು ಇವರು?"

"ಯಾಕಮ್ಮ ಹೊಡೀತೀರಿ ಪಾಪ?" ಎಂದಳು ಆ ತಾಯಿ. "ಎಷ್ಟು ಚೆನ್ನಾಗಿ ಹೇಳ್ತಿದ್ರು!"

"ಮಗೂಗೆ ಕೊಟ್ರಾ? ಮೊದಲೇ ಒಂದು ಕೊಟ್ಟಿದ್ರಾ? ಹೇಳಿ!"

"ಇಲ್ಲ, ಈಗಲೇ…"

"ಇವರು ನನ್ನ ಗಂಡ," ಎಂದಳು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು, ಇನ್ನು ಮುಚ್ಚಿಡಲು ಏನು ಉಳಿದಿತ್ತು? "ಇವರಿಗೆ ಮರೆವಿನ ಕಾಯಿಲೆ. ನಿಮಗೆ ಕೊಟ್ಟಿರೋದು ಶುಗರ್ ಮಾತ್ರೆ. ಮಗು ನುಂಗಿದ್ರೆ ಪ್ರಾಣಕ್ಕೇ ಅಪಾಯ ಇತ್ತು. ತಪ್ಪು ನಂದು. ನಾನು ಅವರೊಬ್ಬರನ್ನೇ ಬಿಟ್ಟು ಹಿಂಬಾಗಿಲಿಗೆ ಹೋಗಿದ್ದೆ."

ತಾಯಿ ಕಾಗದದ ಕವರನ್ನು ತೊಡೆಯ ಮೇಲೆ ಸುರಿದು ನೋಡಿದಳು. ಒಡೆದ ಒಂದು ಬಿಟ್ಟು ಎಲ್ಲವೂ ಇದ್ದವು. ಮೇಷ್ಟ್ರ ಹೆಂಡತಿ ಮಂಡಿಯೂರಿ ಸೀಟಿನ ಕೆಳಗೆ ಕೈಯಾಡಿಸಿ ಬಿದ್ದ ಹೋಳನ್ನು ಹುಡುಕಿದಳು, ಮೇಷ್ಟ್ರ ಮುಷ್ಟಿ ಬಿಡಿಸಿ ಇನ್ನೊಂದನ್ನು ತೆಗೆದಳು, ಎರಡನ್ನೂ ಜೋಡಿಸಿ ನೋಡಿ ಕರವಸ್ತ್ರದಲ್ಲಿ ಗಂಟು ಹಾಕಿಕೊಂಡಳು. ಆಮೇಲೆ ಚೀಲದಿಂದ ಸರಿಯಾದ ಸ್ಟ್ರಿಪ್ ತೆಗೆದು ಚಾಚಿದಳು. "ಇದು ವಾಂತಿ ಮಾತ್ರೆ. ಹೆಸರು ಓದಿ ನೋಡಿ."

"ಬೇಡ! ನಿಮ್ಮ ಕೈಯಿಂದ ಇನ್ನೇನೂ ಬೇಡ. ವಾಂತಿ ಮಾಡಿದ್ರೆ ಮಾಡ್ಲಿ!" ತಾಯಿ ಮಗುವನ್ನು ಎದೆಗವಚಿಕೊಂಡು ಕೂಗಾಡತೊಡಗಿದಳು. "ಇಂಥವರನ್ನ ಅಂಗಡೀಲಿ ಕೂರಿಸ್ತೀರಲ್ಲ, ಮನುಷ್ಯರಾ ನೀವು? ನನ್ನ ಮಗು ಹೋಗಿದ್ರೆ? ನಾಚಿಕೆ ಆಗಲ್ವಾ?" ಸುತ್ತಲಿದ್ದವರೂ ಸೇರಿಕೊಂಡರು. ಯಾರೋ ಪೊಲೀಸ್ ಎಂದರು, ಯಾರೋ ಮೊಬೈಲ್ ಎತ್ತಿ ಹಿಡಿದರು. ಗದ್ದಲಕ್ಕೆ ಹೆದರಿ ಹುಡುಗಿ ಬಾಯಿ ಹರಿದು ಅಳಲು ಶುರುಮಾಡಿದಳು. ಮುಖವೆಲ್ಲ ಕೆಂಪು, ಮೂಗಿನಲ್ಲಿ ನೀರು, ಎಚ್ಚರವಾಗಿ, ಜೀವಂತವಾಗಿ.

ಅವಳು ಬೈಸಿಕೊಳ್ಳುತ್ತ ನಿಂತಿದ್ದಳು. ಒಂದೊಂದು ಬೈಗುಳಕ್ಕೂ ಅವಳ ಮನಸ್ಸು ಕೈಮುಗಿಯುತ್ತಿತ್ತು. ಇನ್ನಷ್ಟು ಬೈಯಲಿ, ಊರು ಮುಟ್ಟುವ ತನಕ ಬೈಯಲಿ, ಆ ಹುಡುಗಿ ಊರು ಮುಟ್ಟುವ ತನಕ ಹೀಗೇ ಅಳಲಿ ಎನಿಸಿತು.

ಬಸ್ಸಿನಿಂದಿಳಿದ ಮೇಲೆ ಮೇಷ್ಟ್ರು ಅವಳ ಕೈಗೆ ಕೈ ಕೊಡಲಿಲ್ಲ. ಚಾಚಿದರೆ ಹಿಂದೆಳೆದುಕೊಂಡರು. ಗಾಜಿನ ಕೋಣೆ ಬಿಟ್ಟು ಓಡಿಬಂದ ಮೈಕಮ್ಮನ ತೋಳು ಹಿಡಿದುಕೊಂಡು ರಸ್ತೆ ದಾಟಿದರು. ಅವಳು ಹಿಂದೆ ನಡೆದಳು. ನಿಲ್ದಾಣದ ಜನ ದಾರಿ ಬಿಟ್ಟುಕೊಟ್ಟರು. ಹಾಗೆ ದಾರಿ ಬಿಡುವುದನ್ನು ಅವಳು ಹೆಣ ಹೊತ್ತವರಿಗೆ ಮಾತ್ರ ಕಂಡಿದ್ದಳು.

ಆ ರಾತ್ರಿ ಮೈಕಮ್ಮ ಫೋನ್ ಮಾಡಲಿಲ್ಲ, ಮನೆಗೇ ಬಂದಳು. ಅಣ್ಣನಿಗೆ ಉಣ್ಣಿಸಿದಳು. ಅವರು ನಿದ್ದೆಹೋದ ಮೇಲೆ ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತರು.

"ಇವತ್ತಿಂದು ಕೇಳಲ್ಲ ಅತ್ತಿಗೆ."

"ಕೇಳು."

"ಬೇಡ ಬಿಡಿ."

"ಮಗು ಅತ್ತಿತು ಕಣೇ," ಎಂದಳು ಅವಳು. ಅಷ್ಟು ಹೇಳುವಷ್ಟರಲ್ಲಿ ಅವಳಿಗೂ ಅಳು ಬಂತು. "ಅವರು ನನ್ನ ನೋಡಿ ಹೆದರ್ಕೊಂಡ್ರು. ನನ್ನ ನೋಡಿ."

ಮೈಕಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಮರುದಿನ ಅವಳು ಅಂಗಡಿಯ ಷಟರ್ ಎತ್ತಿದಳು. ಒಳಗೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಮೇಷ್ಟ್ರ ಕುರ್ಚಿಯನ್ನು ಹೊರಗೆ ತಂದದ್ದು. ಗಿರಾಕಿಗಳು ಕೂರುವ ಬೆಂಚಿನ ಪಕ್ಕ ಹಾಕಿದಳು. ಕೌಂಟರಿನ ಅಡ್ಡಹಲಗೆ ಇಳಿಸಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅಷ್ಟು ವರ್ಷ ಆ ಹಲಗೆಗೆ ಚಿಲಕವಿದೆಯೆಂಬುದೇ ಯಾರಿಗೂ ನೆನಪಿರಲಿಲ್ಲ. ತುಕ್ಕು ಹಿಡಿದಿತ್ತು. ಸುತ್ತಿಗೆಯಲ್ಲಿ ತಟ್ಟಿ ಸರಿಸಬೇಕಾಯಿತು.

ಜನ ಬಂದರು, ಆದರೆ ಮೊದಲಿನ ಹಾಗಲ್ಲ. ಕೆಲವರು ರಸ್ತೆಯ ಆಚೆಯಿಂದಲೇ ನೋಡಿ ಮುಂದೆ ಹೋದರು. ಬಂದವರು ಕವರಿನಿಂದ ಸ್ಟ್ರಿಪ್ ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡರು. ಅವಳು ಕಾದು ನಿಂತಳು. "ಓದಿ, ಓದಿ, ಓದಿಯೇ ತಗೊಳ್ಳಿ" ಎಂದಳು. ತಪಾಸಣೆಯವರು ಇವತ್ತು ಬರಬಹುದು, ನಾಳೆ ಬರಬಹುದು. ಹೊರಗೆ ಯಾವ ಗಾಡಿ ನಿಂತರೂ ಅವಳ ಕುತ್ತಿಗೆ ತಾನಾಗಿ ತಿರುಗುತ್ತಿತ್ತು.

ಮೇಷ್ಟ್ರು ಹೊರಗಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದರು. ಒಳಗೆ ಬರಲು ಹಟ ಮಾಡಿದರೆ? ಈ ಜನರ ಮುಂದೆ ಹಲಗೆ ಹಿಡಿದು ಎಳೆದಾಡಿದರೆ? ಅವರು ಹಾಗೇನೂ ಮಾಡಲಿಲ್ಲ. ಸಾಲಿನಲ್ಲಿ ನಿಂತರು. ಮುಂದಿನವರು ಔಷಧ ಕೊಂಡು ಪಕ್ಕಕ್ಕೆ ಸರಿದ ಮೇಲೆ, ತಮ್ಮ ಸರದಿ ಬಂತೆಂದು ಖಾತ್ರಿ ಮಾಡಿಕೊಂಡು, ಕೌಂಟರಿನ ಗಾಜಿನ ಮೇಲೆ ಬೆರಳಿಟ್ಟು ಒಳಗೆ ಇಣುಕಿ ನೋಡಿದರು.

"ಏನ್ ಬೇಕಾಗಿತ್ತು?" ಎಂದಳು ಅವಳು. ಬೇರೆ ಏನು ಕೇಳಬೇಕೋ ಅವಳಿಗೆ ತಿಳಿಯಲಿಲ್ಲ.

"ಇಲ್ಲಿ ಒಬ್ಬರು ಇರ್ತಿದ್ರಲ್ಲಮ್ಮ?"

"ಯಾರು?"

"ಅದೇ, ಬಿಡಿಸಿ ಹೇಳೋರು." ಅವರು ಎಡಗಡೆಯ ಗೋಡೆಯನ್ನೂ ಬಲಗಡೆಯ ಗೋಡೆಯನ್ನೂ ನೋಡಿದರು. "ಒಳ್ಳೇ ಮನುಷ್ಯ. ಅವರತ್ರ ಕೇಳಿದ್ರೆ ಭಯ ಇರ್ತಿರಲಿಲ್ಲ."

ಗಾಜಿನ ಮೇಲೆ, ಅವರ ಬೆರಳಿನ ಪಕ್ಕದಲ್ಲೇ, ಅವಳ ಕೈ ಇತ್ತು. ಮುಟ್ಟಲು ಹೆದರಿಕೆ. ಸಾಲಿನಲ್ಲಿ ಹಿಂದೆ ನಿಂತಿದ್ದವರು ಕೈಯಲ್ಲಿದ್ದ ಚೀಟಿಯ ಕಡೆ ತಲೆ ತಗ್ಗಿಸಿದರು. ನಿನ್ನೆ ಮೈಕಿನಲ್ಲಿ ಕೇಳಿದ್ದು ಎಲ್ಲರಿಗೂ ನೆನಪಿತ್ತು.

ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು, ಮೊಣಕಾಲಿಗೆ ಎಣ್ಣೆ ಕೊಳ್ಳಲು ಬಂದವಳು, ತನ್ನ ಚೀಲವನ್ನು ತೊಡೆಯ ಮೇಲೆತ್ತಿಕೊಂಡು ಪಕ್ಕಕ್ಕೆ ಜರುಗಿದಳು.

"ಬರ್ತಾರೆ, ಬಾಪ್ಪಾ," ಎಂದಳು. "ಕೂತ್ಕೋ. ನಾನೂ ಅವರಿಗೇ ಕಾಯ್ತಿದ್ದೀನಿ."

ಮೇಷ್ಟ್ರು ಹೋಗಿ ಅವಳ ಪಕ್ಕದಲ್ಲಿ ಕೂತರು. ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಕೌಂಟರಿನ ಒಳಗೆ ನೋಡುತ್ತ ಕಾಯತೊಡಗಿದರು.